ಮಣ್ಣಿನ ಗೋಡೆ ಮಳೆಗೆ ಕರಗದೆ ನಿಲ್ಲುತ್ತಿದ್ದುದು ಹೇಗೆ?

ಪ್ರಶ್ನೆ:
ಹುಲ್ಲು ಹೊದಿಸಿದ ಹಳೆಯ ಮನೆಗಳನ್ನು ಕಟ್ಟುತ್ತಿದ್ದ ಬಗೆಯನ್ನು ತಿಳಿಯಲೆಂದು, ಬರೀ ಜೇಡಿಮಣ್ಣನ್ನು ಕಲಸಿ ಎದೆಯೆತ್ತರದ ಗೋಡೆಯೊಂದನ್ನು ಒಂದೇ ದಿನದಲ್ಲಿ ಎಬ್ಬಿಸಿದೆ. ಸಂಜೆಯ ಹೊತ್ತಿಗೆ ಅದರ ನಡು ಉಬ್ಬಿತ್ತು; ಒಣಗಿದ ಮೇಲೆ ಬೆರಳು ತೂರುವಷ್ಟು ಅಗಲದ ಬಿರುಕುಗಳು ಕಾಣಿಸಿಕೊಂಡವು. ಹಿಂದಿನವರು ಇದನ್ನು ಹೇಗೆ ತಪ್ಪಿಸುತ್ತಿದ್ದರು?

ಉತ್ತರ 1:
ಜೇಡಿ ಒಣಗುವಾಗ ಕುಗ್ಗುತ್ತದೆ, ಬಿರುಕಿಗೆ ಅದೇ ಕಾರಣ. ಗೋಡೆಯ ಮಣ್ಣಿನಲ್ಲಿ ಜೇಡಿಯು ಐದರಲ್ಲೊಂದು ಪಾಲಿನ ಆಸುಪಾಸಿನಲ್ಲಿದ್ದು, ಉಳಿದದ್ದು ಹೆಚ್ಚಾಗಿ ಮರಳು, ನುರುಜುಗಲ್ಲು ಆಗಿದ್ದರೆ ಒಳ್ಳೆಯದು. ಬೇರು, ಕೊಳೆತ ಎಲೆ ಸೇರಿದ ಮೇಲ್ಮಣ್ಣನ್ನು ಬದಿಗೆ ಸರಿಸಿ, ಅಡಿಯ ಮಣ್ಣನ್ನು ಅಗೆದು, ಅದಕ್ಕೆ ನೀರು ಮತ್ತು ಒಣಹುಲ್ಲು ಬೆರೆಸಿ, ಕಾಲಿನಿಂದಲೋ ದನಗಳಿಂದಲೋ ತುಳಿಸಿ ಹದಕ್ಕೆ ತರುತ್ತಿದ್ದರು. ಹುಲ್ಲಿನ ಎಳೆಗಳು ಕುಗ್ಗುವಿಕೆಯನ್ನು ಹಂಚಿಬಿಡುವುದರಿಂದ, ಒಂದು ದೊಡ್ಡ ಬಿರುಕಿನ ಬದಲು ಕೂದಲೆಳೆಯಂಥ ಹಲವು ಗೀರುಗಳಷ್ಟೇ ಮೂಡುತ್ತವೆ. ಉಂಡೆ ಕಟ್ಟಿ ಸೊಂಟದೆತ್ತರದಿಂದ ಬಿಟ್ಟು ನೋಡಿ: ಪುಡಿಯಾದರೆ ಜೇಡಿಯೋ ನೀರೋ ಸಾಲದು, ರೊಟ್ಟಿಯಂತೆ ಹರಡಿಕೊಂಡರೆ ನೀರು ಹೆಚ್ಚಾಗಿದೆ.

ನಡು ಉಬ್ಬಿದ್ದು ಅವಸರದಿಂದ. ಒಂದೂವರೆಯಿಂದ ಎರಡು ಅಡಿ ದಪ್ಪದ ಗೋಡೆಯನ್ನು ಒಂದು ಸಲಕ್ಕೆ ಹೆಚ್ಚೆಂದರೆ ಎರಡು ಅಡಿಯಷ್ಟೇ ಏರಿಸಿ, ಆ ವರಸೆ ಗಟ್ಟಿಯಾಗುವವರೆಗೆ, ತಂಪು ಹವೆಯಲ್ಲಾದರೆ ವಾರಗಟ್ಟಲೆ, ಕಾಯುತ್ತಿದ್ದರು.

ಉತ್ತರ 2:
ಮೇಲಿನ ಮಾತು ಸರಿ, ಆದರೆ ಶೀರ್ಷಿಕೆಯಲ್ಲಿರುವ ಪ್ರಶ್ನೆಗೆ ಉತ್ತರ ಹುಲ್ಲಿನ ಮಾಡಿನಲ್ಲಿದೆ. ಇಳಿಜಾರು 45 ಡಿಗ್ರಿಗಿಂತ ಕಡಿಮೆಯಾದರೆ ಹುಲ್ಲಿನ ಮೇಲೆ ನೀರು ನಿಂತು ಒಳಗಿಳಿಯುತ್ತದೆ. ಕಡಿದಾಗಿದ್ದರೆ ಕಡ್ಡಿಯಿಂದ ಕಡ್ಡಿಗೆ ಜಾರಿ, ಮೇಲ್ಪದರವನ್ನಷ್ಟೇ ತೋಯಿಸಿ ಹೊರಬೀಳುತ್ತದೆ. ಅದಕ್ಕಾಗಿಯೇ ಕಂತೆಗಳನ್ನು ಸೂರಿನಂಚಿನಿಂದ ಆರಂಭಿಸಿ, ಕೆಳಗಿನ ಸಾಲಿನ ಕಟ್ಟುಗಳನ್ನು ಮೇಲಿನ ಸಾಲು ಮುಚ್ಚುವಂತೆ ನೆತ್ತಿಯವರೆಗೆ ಹೊದಿಸುತ್ತಿದ್ದರು. ಮೇಲೆ ಕುಳಿತವನು ಕಂತೆಗೆ ಅಡ್ಡಲಾಗಿ ದಬ್ಬೆಯಿಟ್ಟು ಹಗ್ಗವನ್ನು ಒಳಕ್ಕೆ ತೂರಿಸಿದರೆ, ಒಳಗಿದ್ದವನು ಅದನ್ನು ಗಳಕ್ಕೆ ಸುತ್ತಿ ಮತ್ತೆ ಮೇಲಕ್ಕೆ ಕೊಡುತ್ತಿದ್ದನು. ಎರಡೂ ಇಳಿಜಾರುಗಳು ಕೂಡುವ ನೆತ್ತಿಯೇ ಮೊದಲು ಸೋರುವ ಜಾಗ. ಸೂರು ಗೋಡೆಯಿಂದ ಸಾಕಷ್ಟು ಮುಂದಕ್ಕೆ ಚಾಚಿರಬೇಕು. ನೆಲಕ್ಕೆ ಬಿದ್ದ ಹನಿ ಸಿಡಿದು ಬುಡವನ್ನು ಕೊರೆಯದಂತೆ, ಗೋಡೆ ಕಲ್ಲಿನ ತಳಪಾಯದ ಮೇಲೆ ನಿಂತಿರಬೇಕು.

ಪ್ರಶ್ನೆ ಕೇಳಿದವರು:
ಧನ್ಯವಾದಗಳು. ಈ ಗೋಡೆಗೆ ಸಿಮೆಂಟಿನ ಗಿಲಾವು ಮಾಡಿದರೆ ಉಳಿದೀತೆ?

ಉತ್ತರ 1:
ಬೇಡ. ನೆಲದಿಂದ ಏರಿದ ಪಸೆ ಹೊರಗೆ ಆರಲಾಗದೆ ಗಿಲಾವಿನ ಹಿಂದೆಯೇ ಉಳಿದು ಮಣ್ಣನ್ನು ಮೆತ್ತಗಾಗಿಸುತ್ತದೆ. ಹೊರಗೆ ಎಲ್ಲವೂ ನೆಟ್ಟಗೆ ಕಾಣುತ್ತಿರುವಾಗಲೇ ಗಿಲಾವು ಹಲಗೆಯಂತೆ ಕಳಚಿ ಬೀಳುತ್ತದೆ. ಸುಣ್ಣದ ಗಾರೆಯನ್ನೋ ಸಗಣಿ ಬೆರೆಸಿದ ಮಣ್ಣನ್ನೋ ಬಳಿಯಿರಿ. ನಿಮ್ಮ ಗೋಡೆಯನ್ನಂತೂ ಕೆಡವಿ ನೆನೆಹಾಕಿ. ಅದೇ ಮಣ್ಣಿಗೆ ಮರಳು, ಹುಲ್ಲು ಸೇರಿಸಿದರೆ ಮತ್ತೆ ಕಟ್ಟಬಹುದು.