ಸಹಾಯ ಬೇಕು: ವೀಲ್‌ಚೇರ್ ಮಕ್ಕಳಿಗಾಗಿ ಬಸ್‌ಸ್ಟಾಪ್‌ಗಳ ಅಳತೆ

ನಮಸ್ಕಾರ. ಮಂಗಳೂರು ಸ್ಟೇಟ್ ಬ್ಯಾಂಕ್ ಬಸ್ ಸ್ಟ್ಯಾಂಡಿನಿಂದ ಸುರತ್ಕಲ್‌ವರೆಗೆ, ಉಡುಪಿ ಸಿಟಿ ಬಸ್ ಸ್ಟ್ಯಾಂಡಿನಿಂದ ಮಣಿಪಾಲದವರೆಗೆ ಬಸ್‌ಸ್ಟಾಪ್‌ಗಳ ಅಳತೆ ತೆಗೆಯಲು ಜನ ಬೇಕಾಗಿದ್ದಾರೆ. ವೀಲ್‌ಚೇರ್ ಬಳಸುವ ಮಕ್ಕಳ ಮನೆಯವರ ಪರವಾಗಿ, ವಿಕಲಚೇತನರ ಹಕ್ಕುಗಳ ಕಾಯ್ದೆ 2016ರ 41ನೇ ಕಲಂ (ಸಾರಿಗೆ ಸೌಲಭ್ಯದ ಬಗೆಗಿನದು) ಆಧರಿಸಿ ಮನವಿ ಕೊಡಲಿದ್ದೇವೆ. ಬರೀ "ತೊಂದರೆ ಆಗುತ್ತಿದೆ" ಎಂದು ಬರೆದರೆ ಸಾಲದು, ಸೆಂಟಿಮೀಟರ್ ಲೆಕ್ಕ ಬೇಕು.

ರಸ್ತೆಯಿಂದ ಫುಟ್‌ಪಾತ್ ಎತ್ತರ, ಬಸ್ಸಿನ ಒಳನೆಲದ ಎತ್ತರ, ಬಾಗಿಲಿನ ಅಗಲ ಅಳೆಯಿರಿ. ಬಾಗಿಲ ನಡುವೆ ಕಂಬಿ ಇದ್ದರೆ ಒಂದು ಬದಿಯದ್ದು ಮಾತ್ರ ಬರೆಯಿರಿ, ಚೇರು ನುಗ್ಗಬೇಕಾದದ್ದು ಅಲ್ಲಿಂದಲೇ. ಬಸ್ ಫುಟ್‌ಪಾತಿನಿಂದ ಎಷ್ಟು ದೂರ ನಿಂತಿತು ಎಂಬುದು ಎಲ್ಲಕ್ಕಿಂತ ಮುಖ್ಯ. ಮಳೆಗಾಲದಲ್ಲಿ ಅಂಚಿಗೆ ನೀರು ನಿಂತರೆ ಬಸ್ ರಸ್ತೆಯಲ್ಲೇ ನಿಲ್ಲುತ್ತದೆ. ಆಗ ರ‍್ಯಾಂಪ್ (ಚೇರು ಹತ್ತಿಸುವ ಇಳಿಜಾರು ಹಲಗೆ) ಇದ್ದರೂ ಫುಟ್‌ಪಾತಿಗೆ ಮುಟ್ಟದು.

ಲೆಕ್ಕ ನೋಡಿ: ಬಸ್ಸಿನ ನೆಲ 65 ಸೆಂ.ಮೀ., ಫುಟ್‌ಪಾತ್ 15 ಸೆಂ.ಮೀ. ಇದ್ದರೆ ಅಂತರ 50. 1:12 ಇಳಿಜಾರಿಗೆ (1 ಸೆಂ.ಮೀ. ಎತ್ತರಕ್ಕೆ 12 ಸೆಂ.ಮೀ. ಉದ್ದ) 6 ಮೀಟರ್ ರ‍್ಯಾಂಪ್ ಬೇಕು, ಆಗದ ಮಾತು. ನೆಲ 40 ಸೆಂ.ಮೀ. ಇರುವ ಲೋ-ಫ್ಲೋರ್ ಬಸ್ಸಾದರೂ 3 ಮೀಟರ್. ಹಾಗಾಗಿ ಸ್ಟಾಪಿನ ಕಟ್ಟೆಯನ್ನೂ ಎತ್ತರಿಸಲೇಬೇಕು.

"ಮಗುವನ್ನು ಎತ್ತಿಕೊಂಡು ಹತ್ತಿ" ಎನ್ನುವವರು ದಯವಿಟ್ಟು ಗಮನಿಸಿ: ಸೆರೆಬ್ರಲ್ ಪಾಲ್ಸಿ (ಮೆದುಳಿನ ತೊಂದರೆಯಿಂದ ಸ್ನಾಯುಗಳ ಹಿಡಿತ ತಪ್ಪುವ ಸ್ಥಿತಿ) ಇರುವ ಎಷ್ಟೋ ಮಕ್ಕಳಿಗೆ ಕುತ್ತಿಗೆಗೆ ಆಧಾರ ಬೇಕು, ಅವರ ಚೇರು ಸಲೀಸಾಗಿ ಮಡಚುವುದೂ ಇಲ್ಲ. ಬಸ್ಸಿನೊಳಗೆ ಚೇರಿನ ಹ್ಯಾಂಡ್‌ಬ್ರೇಕ್ ಒಂದೇ ಸಾಲದು; ನಾಲ್ಕು ಬೆಲ್ಟ್‌ಗಳನ್ನು ಚೇರಿನ ಚೌಕಟ್ಟಿಗೇ ಬಿಗಿಯಬೇಕು, ಚಕ್ರಕ್ಕಲ್ಲ. ನೀವು ಹೋಗುವ ಬಸ್ಸಿನಲ್ಲಿ ಅದಕ್ಕೆ ಕೊಂಡಿಗಳಿವೆಯೇ ಎಂಬುದನ್ನೂ ನೋಡಿ.

ಟೇಪ್ ಇಟ್ಟ ಫೋಟೋ, ಸ್ಟಾಪಿನ ಹೆಸರು, ರೂಟ್ ನಂಬರ್ ಕಳಿಸಿ. ಡ್ರೈವರ್, ಕಂಡಕ್ಟರ್‌ಗೆ ಮೊದಲೇ ಹೇಳಿ, ಬಸ್ ಪೂರ್ತಿ ನಿಂತ ಮೇಲಷ್ಟೇ ಅಳೆಯಿರಿ.