ಪದಚರ್ಚೆ: ‘ರೀರಿಟನ್ ಬ್ರಾಂಚ್’, ‘ಫಾಸ್ಟ್ ಫಾರ್ವರ್ಡ್’ – ನಾಳೆ ಅಚ್ಚಿಗೆ

ಹಾಸನದಿಂದ:
ಎಲ್ಲರಿಗೂ ನಮಸ್ಕಾರ. ಕಾಲೇಜು ಲ್ಯಾಬಿನ ಗೋಡೆಗೆ ಅಂಟಿಸುವ ಗಿಟ್ (ಕೋಡಿನ ಬದಲಾವಣೆಗಳ ಇತಿಹಾಸ ಇಡುವ ತಂತ್ರಾಂಶ) ಹಾಳೆ ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗಬೇಕು. ಈಗಿರುವ ವಾಕ್ಯ: ‘ಪುನರ್ಲಿಖಿತ ಶಾಖೆಗಳನ್ನು ತರಲು ನಿಯಮದ ಮುಂದೆ ಸಂಕಲನ ಚಿಹ್ನೆ ಹಾಕಿ, ಇಲ್ಲವಾದರೆ ವೇಗದ ಮುನ್ನಡೆಯಲ್ಲವೆಂದು ತಿರಸ್ಕೃತವಾಗುತ್ತದೆ.’ ಇದರಲ್ಲಿ ‘ರೀರಿಟನ್ ಬ್ರಾಂಚ್’ಗೆ ‘ಪುನರ್ಲಿಖಿತ ಶಾಖೆ’, ‘ಫಾಸ್ಟ್ ಫಾರ್ವರ್ಡ್’ಗೆ ‘ವೇಗದ ಮುನ್ನಡೆ’ ಎಂದಿದ್ದೇವೆ; ನಿಯಮ ಎಂದರೆ ಯಾವ ಶಾಖೆಯನ್ನು ತಂದು ಎಲ್ಲಿ ಇಡಬೇಕೆಂದು ಹೇಳುವ ಫೆಚ್ ಸಾಲು. ಉದಾಹರಣೆ ಗಿಟ್‌ನ ಸ್ವಂತ ರೆಪೊದ್ದು (ಕೋಡಿನ ಭಂಡಾರ): ಅಲ್ಲಿ ‘ಮಾಸ್ಟರ್’ ಶಾಖೆಯನ್ನು ಹಿಂದಕ್ಕೆ ತಿರುಗಿಸುವುದಿಲ್ಲ, ‘ಸೀನ್’ ಅನ್ನು (2020ರವರೆಗೆ ಅದು ‘ಪಿಯು’) ಪದೇ ಪದೇ ಹೊಸದಾಗಿ ಕಟ್ಟುತ್ತಾರೆ. ಸರಿಯಾದ ಪದ ಬೇಕು.

ಚಿಕ್ಕಮಗಳೂರಿನಿಂದ:
‘ವೇಗದ ಮುನ್ನಡೆ’ ತೆಗೆದುಹಾಕಿ. ಇಲ್ಲಿ ವೇಗದ ಮಾತೇ ಇಲ್ಲ. ನಮ್ಮಲ್ಲಿರುವ ತುದಿ (ಶಾಖೆಯ ಕೊನೆಯ ಕಮಿಟ್, ಅಂದರೆ ದಾಖಲಾದ ಬದಲಾವಣೆ) ಬರುತ್ತಿರುವ ತುದಿಯ ಪೂರ್ವಜವಾಗಿದ್ದರೆ ಗುರುತನ್ನು ಮುಂದಕ್ಕೆ ಸರಿಸಿದರೆ ಸಾಕು. ‘ನೇರ ಮುಂದುವರಿಕೆ’ ಅನ್ನಿ. ‘ಸಂಕಲನ ಚಿಹ್ನೆ’ಯೂ ಬೇಡ, ಆ ಪ್ಲಸ್ ಏನನ್ನೂ ಕೂಡಿಸುವುದಿಲ್ಲ, ನೇರ ಮುಂದುವರಿಕೆ ಅಲ್ಲದಿದ್ದರೂ ಹಳೆಯ ತುದಿಯನ್ನು ಬಿಟ್ಟು ಹೊಸದನ್ನು ಹಿಡಿ ಎಂದು ಅಪ್ಪಣೆ ಕೊಡುತ್ತದೆ.
ಶಾಖೆ ಬ್ಯಾಂಕಿಗಿರಲಿ. ಕವಲು ಇದೆ. ಕವೆ, ಕವಲು, ತಮಿಳಿನ ಕವೈ, ಎಲ್ಲಕ್ಕೂ ಒಂದೇ ಬೇರು: ಒಂದು ಎರಡಾಗಿ ಒಡೆಯುವ ಜಾಗ. ಮನೆಯಲ್ಲೇ ಇರುವಾಗ ಎರವಲು ಯಾಕೆ?

ಸಕಲೇಶಪುರದಿಂದ:
‘ಕಸಿ ಮಾಡಿದ ಕವಲು’ ಆಗಬಹುದು. ತೋಟದಲ್ಲಿ ಮರಗಸಿ ಅನ್ನುತ್ತೇವಲ್ಲ, ಹಳೆ ಕೊಂಬೆ ಕಡಿದ ಮೇಲೆ ಅದೇ ಬುಡಕ್ಕೆ ಹೊಸ ತುದಿ ಬರುತ್ತದೆ.

ಅರಸೀಕೆರೆಯಿಂದ:
ಆಗದು. ಬಯಲುಸೀಮೆಯಲ್ಲಿ ಕಸಿ ಎಂದರೆ ಮಾವಿನ ಕಸಿ, ಒಂದಕ್ಕೆ ಇನ್ನೊಂದನ್ನು ಕೂಡಿಸುವುದು. ಹುಡುಗರು ಮರ್ಜ್ (ಎರಡು ಕವಲುಗಳನ್ನು ಸೇರಿಸುವುದು) ಅಂದುಕೊಳ್ಳುತ್ತಾರೆ. ‘ಮರುಬರೆದ’ ಕೂಡ ಸಾಲದು: ಬದಲಾಗಿರುವುದು ಕಡತದ ಬರಹವಲ್ಲ, ಕಮಿಟ್‌ಗಳ ಸರಪಳಿ. ‘ಮರುಕಟ್ಟಿದ’ ಸರಿ.
ಎರವಲಿನ ಮಾತಿಗೆ: ಹಲ್ಮಿಡಿ ಬೇಲೂರು ತಾಲ್ಲೂಕಿನದೇ. ಸುಮಾರು 450ರ ಆ ಶಾಸನದಲ್ಲಿ ಸಂಸ್ಕೃತ ಪದ ಎಷ್ಟಿವೆ ಎಣಿಸಿ ನೋಡಿ. ಶಾಖೆಯಿಂದ ಕನ್ನಡ ಕೆಡುವುದಿಲ್ಲ.
ಪದಕ್ಕಿಂತ ದೊಡ್ಡ ತಪ್ಪು ವಾಕ್ಯದಲ್ಲಿದೆ. ಮಾಮೂಲಿ ಕ್ಲೋನ್ (ರೆಪೊದ ಪೂರ್ತಿ ನಕಲು) ಮಾಡಿದರೆ ಕಾನ್ಫಿಗ್ ಕಡತದಲ್ಲಿ ತಾನಾಗಿಯೇ ಕೂರುವ ಸಾಲು ಇದು:
ಫೆಚ್ = +ರೆಫ್ಸ್/ಹೆಡ್ಸ್/*:ರೆಫ್ಸ್/ರಿಮೋಟ್ಸ್/ಒರಿಜಿನ್/*
ಪ್ಲಸ್ ಆಗಲೇ ಇದೆ, ನಕ್ಷತ್ರ ಇರುವುದರಿಂದ ಎಲ್ಲ ಕವಲಿಗೂ ಇದೆ. ನಿಮ್ಮ ಹಾಳೆ ಹೇಳಬೇಕಾದ್ದು ಈ ನಕ್ಷತ್ರದ ಸಾಲು ತೆಗೆದು ಎರಡು ಸಾಲು ಬರೆಯುವುದನ್ನು:
ಫೆಚ್ = ರೆಫ್ಸ್/ಹೆಡ್ಸ್/ಮಾಸ್ಟರ್:ರೆಫ್ಸ್/ರಿಮೋಟ್ಸ್/ಒರಿಜಿನ್/ಮಾಸ್ಟರ್
ಫೆಚ್ = +ರೆಫ್ಸ್/ಹೆಡ್ಸ್/ಸೀನ್:ರೆಫ್ಸ್/ರಿಮೋಟ್ಸ್/ಒರಿಜಿನ್/ಸೀನ್
ಆಗ ಮಾಸ್ಟರ್ ಹಿಂದಕ್ಕೆ ತಿರುಗಿದ್ದರೆ ‘ರಿಜೆಕ್ಟೆಡ್’ ಎಂದು ಬರುತ್ತದೆ. ಆ ಎಚ್ಚರಿಕೆಗಾಗಿಯೇ ಅಲ್ಲಿ ಪ್ಲಸ್ ಬಿಟ್ಟಿರುವುದು. ಸೀನ್ ಮರುಕಟ್ಟಲ್ಪಟ್ಟಾಗ ಫೆಚ್ ತೋರಿಸುವ ಸಾಲಿನ ಮೊದಲಿಗೆ ಪ್ಲಸ್, ಎರಡು ಹ್ಯಾಶ್‌ಗಳ (ಕಮಿಟ್‌ನ ಗುರುತು ಸಂಖ್ಯೆ) ನಡುವೆ ಎರಡರ ಬದಲು ಮೂರು ಚುಕ್ಕಿ, ಕೊನೆಗೆ ‘ಫೋರ್ಸ್‌ಡ್ ಅಪ್‌ಡೇಟ್’. ಇದನ್ನು ‘ಬಲವಂತದ ಬದಲಾವಣೆ’ ಅನ್ನಿ.

ಚಿಕ್ಕಮಗಳೂರಿನಿಂದ:
ಶಾಸನ ಅರಮನೆಯ ಭಾಷೆ. ಅದನ್ನು ತೋರಿಸಿ ಲ್ಯಾಬ್ ಹಾಳೆಗೆ ‘ಪುನರ್ಲಿಖಿತ’ ತುಂಬುವುದನ್ನು ಒಪ್ಪುವುದಿಲ್ಲ. ‘ಮರುಕಟ್ಟಿದ ಕವಲು’ ಒಪ್ಪಿದೆ. ಫೆಚ್ ಕೂಡ ‘ತರಿಕೆ’ ಆಗಲಿ.

ಅರಸೀಕೆರೆಯಿಂದ:
ಬೇಡ. ಕೀಲಿಮಣೆಯಲ್ಲಿ ಟೈಪಿಸುವ ಆಜ್ಞೆ ಹಾಗೆಯೇ ಇರಬೇಕು. ಅದು ಮಾಡುವ ಕೆಲಸವನ್ನು ಕನ್ನಡದಲ್ಲಿ ಹೇಳಿ.
ಇನ್ನೊಂದು ಸಾಲಿಗೆ ಜಾಗ ಬಿಡಿ: ಪ್ಲಸ್ ಬದಲಿಸುವುದು ರೆಫ್ಸ್/ರಿಮೋಟ್ಸ್ ಒಳಗಿನ ಗುರುತನ್ನು (ದೂರದ ರೆಪೊದ ಕವಲು ಎಲ್ಲಿದೆ ಎಂಬುದರ ನಮ್ಮ ಪ್ರತಿ) ಮಾತ್ರ. ಸ್ಥಳೀಯ ಸೀನ್ ಹಳೆಯ ಸರಪಳಿಯಲ್ಲೇ ಉಳಿದಿರುತ್ತದೆ. ಅಲ್ಲಿ ಮರ್ಜ್ ಆಗುವಂತೆ ಪುಲ್ (ತಂದು ಸೇರಿಸುವ ಆಜ್ಞೆ) ಮಾಡಿದರೆ ಒಂದೇ ಬದಲಾವಣೆಯ ಹಳೆ ಕಮಿಟ್, ಹೊಸ ಕಮಿಟ್ ಎರಡೂ ಇತಿಹಾಸದಲ್ಲಿ ಸೇರುತ್ತವೆ. ಸ್ವಂತ ಕೆಲಸ ಇಲ್ಲದಿದ್ದರೆ ಒರಿಜಿನ್/ಸೀನ್‌ಗೆ ರೀಸೆಟ್ ಹಾರ್ಡ್ (ಸ್ಥಳೀಯ ಕವಲನ್ನು ಅಲ್ಲಿಗೇ ತಿರುಗಿಸುವುದು), ಇದ್ದರೆ ರೀಬೇಸ್ (ಸ್ವಂತ ಕಮಿಟ್‌ಗಳನ್ನು ಅದರ ಮೇಲೆ ಮರುಕಟ್ಟುವುದು).

ಸಕಲೇಶಪುರದಿಂದ:
ಟೈಪಿಸುವುದು ಹಾಗೆಯೇ ಇರಬೇಕೆಂದರೆ ಬ್ರಾಂಚ್ ಕೂಡ ಆಜ್ಞೆಯೇ. ಕವಲು ಎಲ್ಲಿಂದ ಬಂತು?

ಹಾಸನದಿಂದ:
ಆಜ್ಞೆಯಲ್ಲಿ ಬ್ರಾಂಚ್, ವಿವರಣೆಯಲ್ಲಿ ಕವಲು. ಅಚ್ಚಿಗೆ ಹೋಗುವ ವಾಕ್ಯ: ‘ನಕ್ಷತ್ರದ ಸಾಲು ತೆಗೆದು, ಮರುಕಟ್ಟುವ ಕವಲಿಗೆ ಬೇರೆ ಫೆಚ್ ನಿಯಮ ಬರೆದು ಮೊದಲಿಗೆ ಪ್ಲಸ್ ಹಾಕಿ, ಪ್ಲಸ್ ಇಲ್ಲದ ಕವಲು ನೇರ ಮುಂದುವರಿಕೆ ಆಗಿದ್ದರೆ ಮಾತ್ರ ಬದಲಾಗುತ್ತದೆ.’ ರೀಸೆಟ್ ಸಾಲನ್ನು ಕೆಳಗೆ ದಪ್ಪಕ್ಷರದಲ್ಲಿ ಹಾಕುತ್ತೇನೆ.