ಸಹಾಯ ಬೇಕು: ಅಫ್ಘಾನಿಸ್ತಾನಕ್ಕೆ ಬಂದ ನೆರವು ಯಾವ ಪ್ರಾಂತ್ಯಕ್ಕೆ ಹೋಯಿತು?

ಎಲ್ಲರಿಗೂ ನಮಸ್ಕಾರ. ಎಂಎ ಪ್ರಬಂಧಕ್ಕೆ 2001ರಿಂದ 2021ರವರೆಗಿನ ಅಫ್ಘಾನಿಸ್ತಾನ ತೆಗೆದುಕೊಂಡಿದ್ದೇನೆ. ಒಂದು ಕಡೆ ಸಿಕ್ಕಿಹಾಕಿಕೊಂಡಿದ್ದೇನೆ.

ಅಪಾಯ ಜಾಸ್ತಿ ಇರುವ ಕಡೆ ನೆರವು ಕಡಿಮೆ ಆಗುತ್ತದೆ ಅಂದುಕೊಳ್ಳುತ್ತೇವೆ, ಅಲ್ವಾ? ಸ್ವಯಂಸೇವಾ ಸಂಸ್ಥೆಗಳ ವಿಷಯದಲ್ಲಿ ಅದು ಎಷ್ಟೋ ಸಲ ನಿಜ. 2004ರಲ್ಲಿ ಬಾದ್ಘಿಸ್‌ನಲ್ಲಿ ಐವರು ಸಿಬ್ಬಂದಿಯ ಕೊಲೆಯಾದ ಮೇಲೆ ಎಂಎಸ್‌ಎಫ್ ವೈದ್ಯರ ಸಂಸ್ಥೆ ದೇಶವನ್ನೇ ಬಿಟ್ಟಿತು. ಮತ್ತೆ ಬಂದದ್ದು 2009ರಲ್ಲಿ. ಆದರೆ ಅಮೆರಿಕದ ಸರ್ಕಾರಿ ದುಡ್ಡು ಉಲ್ಟಾ! ಯುದ್ಧ ಜೋರಾಗಿದ್ದ ಹೆಲ್ಮಂಡ್, ಕಂದಹಾರ್ ಕಡೆಗೇ ಸುರಿಯಿತು. ಜನರ ಮನಸ್ಸು ಗೆಲ್ಲುವ ಲೆಕ್ಕಾಚಾರ ಅದು. ಶಾಂತವಾಗಿದ್ದ ಬಾಮಿಯಾನ್‌ನವರು ‘ಜಗಳ ಮಾಡದ ನಮಗೆ ಏನೂ ಇಲ್ಲವೇ’ ಎಂದು ಗೊಣಗಿದ್ದರಲ್ಲಿ ತಪ್ಪಿಲ್ಲ ಅನ್ನಿಸುತ್ತದೆ.

ಈ ಎರಡೂ ಬಗೆಯ ಹಣವನ್ನು ಪ್ರಾಂತ್ಯವಾರು ಬೇರೆ ಮಾಡಿ ತೋರಿಸುವ ಅಂಕಿಅಂಶ ಎಲ್ಲಿ ಸಿಗುತ್ತದೆ? ಸಿಬ್ಬಂದಿ ಮೇಲಿನ ದಾಳಿಗಳ ಪಟ್ಟಿ ನನ್ನ ಹತ್ತಿರ ಇದೆ. ಸುಮ್ನೆ ದೇಶದ ಒಟ್ಟು ಮೊತ್ತ ಬೇಡ.

ಇನ್ನೊಂದು ವಿಷಯ. ನಿಮ್ರೋಜ್‌ನಲ್ಲಿ ಭಾರತ ಕಟ್ಟಿದ 218 ಕಿ.ಮೀ. ಜರಂಜ್–ದೆಲಾರಾಮ್ ರಸ್ತೆಯಲ್ಲಿ ದಾಳಿಗಳ ನಡುವೆಯೇ ಕೆಲಸ ಮಾಡಿದವರು ಇಲ್ಲಿ ಯಾರಾದರೂ ಇದ್ದೀರಾ? ನಿಮ್ಮ ಪರಿಚಯದವರಾದರೂ ಸರಿ. ಕಾವಲು ಹೇಗಿತ್ತು, ಯಾವ ಊರನ್ನು ಬಿಟ್ಟು ಹೋಗಬೇಕಾಯಿತು ಎಂದು ಕೇಳಬೇಕಿತ್ತು. ದಯವಿಟ್ಟು ಮೆಸೇಜ್ ಮಾಡಿ, ಹೆಸರು ಹಾಕುವುದಿಲ್ಲ.